ಎಳೆ ಎಳೆಯಾಗಿ ಬಿಚ್ಚಿದ ಬೆಡ್‌ಶೀಟ್

ದೊಡ್ಡ ಅಂಕಿ ಕಂಡರೆ ನನಗೆ ಒಂಥರಾ ಭಕ್ತಿ. ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ನೋಡಿದವನು, ಮಿಕ್ಸಿ ಕೊಳ್ಳುವಾಗ ವ್ಯಾಟ್ ನೋಡಿದವನು. ಹಾಗಾಗಿ ಬೆಡ್‌ಶೀಟ್ ತರಲು ಹೋದಾಗ 300, 400 ಎಂದು ಬರೆದಿದ್ದ ಪೊಟ್ಟಣಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ‘1000 ಥ್ರೆಡ್ ಕೌಂಟ್’, ಅಂದರೆ ಸಾವಿರ ಎಳೆ, ಎಂದಿದ್ದದ್ದಕ್ಕೇ ಕೈ ಹಾಕಿದೆ. ಹೆಂಡತಿ 300ರದ್ದನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ, “ರೀ, ಇದೇ ಚೆನ್ನಾಗಿದೆ ಅಲ್ವಾ?” ಎಂದಳು. ಸಾವಿರ ಎದುರಿಗಿರುವಾಗ ಮುನ್ನೂರರ ಮೇಲೆ ಯಾರಾದರೂ ಮಲಗುತ್ತಾರಾ?

ಮೊದಲ ರಾತ್ರಿ ಮಿರಮಿರ ಮಿನುಗುವ ಶೀಟು, ಮುಟ್ಟಿದರೆ ಜಾರುವ ಮೈ. ದಿಂಬು ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಶ್ರೀಮಂತಿಕೆ ಅಂದ್ರೆ ಹೀಗೇ ಇರಬೇಕು ಅಂದುಕೊಂಡೆ. ಆಮೇಲೆ ಸೆಕೆ ಶುರುವಾಯಿತು. ಕಂಬಳಿಯನ್ನು ಹೊದೆಯುವ ಬದಲು ಹಾಸಿಕೊಂಡು ಮಲಗಿದ ಹಾಗೆ. ಬೆನ್ನಿನ ಬೆವರು ಹೋಗಲು ದಾರಿಯೇ ಇಲ್ಲ.

ಮೂರು ಸಲ ಒಗೆಯುವಷ್ಟರಲ್ಲಿ ಆ ನುಣುಪೂ ಸೋಪಿನ ನೀರಿನ ಜೊತೆ ಹರಿದುಹೋಯಿತು. ಹೊಸ ಶೀಟಿನ ನುಣುಪು ಎಷ್ಟೋ ಸಲ ಹತ್ತಿಯದಲ್ಲ, ಮೇಲೆ ಬಳಿದ ಸಿಲಿಕೋನ್‌ನದು. ನಾಲ್ಕನೇ ಒಗೆತಕ್ಕೆ ಮೈತುಂಬ ಸಣ್ಣ ಸಣ್ಣ ಉಂಡೆ ಎದ್ದವು. ಹತ್ತಿಯ ನಾರು ಗಿಡ್ಡವಾಗಿದ್ದರೆ ಅದರ ತುದಿಗಳು ನೂಲಿನಿಂದ ಹೊರಗೆ ಇಣುಕುತ್ತವೆ, ಮೈ ತಿಕ್ಕಿದಂತೆಲ್ಲ ಸುತ್ತಿಕೊಂಡು ಉಂಡೆಯಾಗುತ್ತವೆ. ಮರಳಿನ ಮೇಲೆ ಹೊರಳಾಡಿದಂತಾಯಿತು. ನಾರು ಉದ್ದವಿದ್ದರೆ ಈ ಕಾಟ ಕಡಿಮೆ. ಆದರೆ ಪೊಟ್ಟಣದ ಮೇಲೆ ನಾರಿನ ಉದ್ದದ ಸುದ್ದಿಯೇ ಇರಲಿಲ್ಲ. ಸಾವಿರ ಅನ್ನುವುದು ಮಾತ್ರ ಬಂಗಾರದ ಬಣ್ಣದಲ್ಲಿತ್ತು.

ಒಂದು ರಾತ್ರಿ ನಿದ್ದೆ ಬಾರದೆ ಎದ್ದು ಕೂತೆ. ಸಾವಿರ ನಿಜವಾಗಿಯೂ ಇದೆಯಾ? ಎಣಿಸಿಯೇ ಬಿಡೋಣ!

ಲೆಕ್ಕ ಸುಲಭ. ಒಂದು ಚದರ ಇಂಚಿನಲ್ಲಿ ಉದ್ದಕ್ಕೆ ಹೋದ ಹಾಸಿನ ಎಳೆ ಎಷ್ಟು, ಅಡ್ಡಕ್ಕೆ ಬಂದ ಹೊಕ್ಕಿನ ಎಳೆ ಎಷ್ಟು, ಎರಡನ್ನೂ ಕೂಡಿದರೆ ಥ್ರೆಡ್ ಕೌಂಟ್. ‘ಹಾಸುಹೊಕ್ಕು’ ಎಂಬ ಮಾತನ್ನು ಇಷ್ಟು ವರ್ಷ ಸುಮ್ನೆ ಬಳಸಿದ್ದೆ, ಅದರೊಳಗೆ ಕತ್ತರಿ ಹಾಕಿದ್ದು ಅವತ್ತೇ. ಇಂಚು ಕತ್ತರಿಸಲು ಧೈರ್ಯ ಬರಲಿಲ್ಲ. ಕಾಲಿನ ಕಡೆ, ಯಾರಿಗೂ ಕಾಣದ ಜಾಗದಲ್ಲಿ, ಒಂದು ಸೆಂಟಿಮೀಟರ್ ಚೌಕ ಕತ್ತರಿಸಿದೆ. ಭೂತಗನ್ನಡಿ, ಸೂಜಿ, ಮೊಬೈಲ್ ಟಾರ್ಚು. ಒಂದೊಂದೇ ಎಳೆ ಬಿಡಿಸಿ ಪಕ್ಕಕ್ಕೆ ಜೋಡಿಸುತ್ತಾ ಹೋದೆ. ಐವತ್ತೆಂಟು, ಐವತ್ತೊಂಬತ್ತು...

“ಇಷ್ಟು ಬೆವರ್ತಾ ಇದ್ದೀರಲ್ಲ, ಫ್ಯಾನ್ ಜಾಸ್ತಿ ಮಾಡ್ಲಾ?” ಎಂದವಳು ನನ್ನ ಉತ್ತರಕ್ಕೆ ಕಾಯಲಿಲ್ಲ.

ಬಿಳಿ ಶೀಟಿನ ಮೇಲೆ ಬಿಳಿ ಎಳೆಗಳು ಎತ್ತ ಹಾರಿದವೋ. ಹಾಗಾಗಿ ಎರಡನೇ ತೂತು.

ಈ ಸಲ ಫ್ಯಾನ್ ಆರಿಸಿ ಎಣಿಸಿದೆ. ಹಾಸು 60, ಹೊಕ್ಕು 40. ಒಟ್ಟು ನೂರು. ಇಂಚಿಗೆ 2.54 ಸೆಂಟಿಮೀಟರ್, ಅಂದರೆ 254. ಮಿಕ್ಕ ಏಳುನೂರು ಚಿಲ್ಲರೆ ಎಳೆ ಎಲ್ಲಿ? ಹಾಸಿಗೆಯ ಕೆಳಗೂ ಬಗ್ಗಿ ನೋಡಿದೆ.

ಅವಳು ಒಂದು ಎಳೆ ಎತ್ತಿಕೊಂಡು ಉಗುರಿನ ತುದಿಯಲ್ಲಿ ಹಿಮ್ಮುಖವಾಗಿ ತಿರುಚಿದಳು. ಹುರಿ ಬಿಚ್ಚಿ ಕೂದಲಿನಂಥ ನಾಲ್ಕು ಎಳೆ ಹೊರಬಂದವು. “ನಾಲ್ಕು ಹೊಸೆದು ಒಂದು ಮಾಡಿದಾರೆ ಕಣ್ರೀ. ನೇಯುವಾಗ ಒಂದು, ಮಾರುವಾಗ ನಾಲ್ಕು.” 254ನ್ನು ನಾಲ್ಕರಿಂದ ಗುಣಿಸಿದೆ. 1016. ಪಾಪ, ಹದಿನಾರು ಎಳೆ ಪುಕ್ಕಟೆ ಕೊಟ್ಟಿದ್ದಾರೆ!

ಹೀಗೆ ಹೊಸೆದದ್ದನ್ನು ಬಿಡಿಬಿಡಿಯಾಗಿ ಎಣಿಸಿ ಹೇಳಿದರೆ ಕೊಳ್ಳುವವರು ಮೋಸಹೋಗಬಹುದು ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2005ರಲ್ಲೇ ಹೇಳಿದ್ದರಂತೆ. ನನಗೆ ಅದು ಗೊತ್ತಾಗುವ ಹೊತ್ತಿಗೆ ಎರಡು ತೂತು ಬಿದ್ದಿದ್ದವು. ಇಂಚು ಅನ್ನುವುದು ಇಂಚೇ ತಾನೇ, ಅದರೊಳಗೆ ಎಷ್ಟಂತ ತುರುಕುವುದು? ಒಳ್ಳೆಯ ಹತ್ತಿಯ ಒಂಟಿ ನೂಲಾದರೆ 200ರಿಂದ 400ರೊಳಗೆ ಧಾರಾಳ. ಲಿನನ್ ಬಟ್ಟೆಗೆ ನೂರರ ಆಸುಪಾಸೇ ಇರುತ್ತದೆ, ಅದು ವರ್ಷಗಟ್ಟಲೆ ಬಾಳುತ್ತದೆ.

ಶೀಟು ವಾಪಸ್ ಕೊಡಲು ಫೋನ್ ಮಾಡಿದೆ.

“ಬಳಸಿದ್ದೀರಾ ಸರ್?”

“ಮಲಗಿದ್ದೇನೆ.”

“ಏನಾದ್ರೂ ಡ್ಯಾಮೇಜ್?”

“ಎರಡು ತೂತು. ಎಣಿಸಲಿಕ್ಕೆ ನಾನೇ ಮಾಡಿದ್ದು.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸಂಗೀತ ಶುರುವಾಯಿತು. ಹತ್ತು ನಿಮಿಷ ಕೇಳಿ ಇಟ್ಟೆ.

ಕೊನೆಗೆ ಅವಳು ಆ 300ರದ್ದನ್ನೇ ತಂದಳು. ಪರ್ಕೇಲ್ ನೇಯ್ಗೆ, ಎಳೆ ಒಂದರ ಮೇಲೆ ಹೋಗಿ ಇನ್ನೊಂದರ ಕೆಳಗೆ ಬರುತ್ತದೆ, ಅಷ್ಟೇ. ಆ ಸಾವಿರದ್ದು ಸ್ಯಾಟೀನ್ ನೇಯ್ಗೆ, ಅದರಲ್ಲಿ ಹಾಗಲ್ಲ, ನಾಲ್ಕರ ಮೇಲೆ ಹಾರಿ ಒಂದರ ಕೆಳಗೆ ನುಸುಳುತ್ತದೆ. ಮಿನುಗೂ ಅದರಿಂದಲೇ, ಬೇಗ ಎಳೆ ಕೀಳುವುದೂ ಅದರಿಂದಲೇ. ಹೊಸ ಶೀಟಿಗೆ ಮಿನುಗಿಲ್ಲ. ಹೊರಳಿದರೆ ಕಾಗದದ ಹಾಗೆ ಸರಸರ ಅನ್ನುತ್ತದೆ. ಆದರೆ ತಂಪಾಗಿದೆ, ದಿಂಬು ಇದ್ದ ಜಾಗದಲ್ಲೇ ಇದೆ.

ಇದರಲ್ಲಿ ನಿಜವಾಗಿಯೂ ಮುನ್ನೂರು ಇದೆಯಾ ಅಂತ ಒಂದು ಸಣ್ಣ ಅನುಮಾನ ಇತ್ತು. ಮೊನ್ನೆ ಪಾರ್ಸೆಲ್ ಬಿಚ್ಚಲು ಕತ್ತರಿ ಹುಡುಕಿದೆ. ಡ್ರಾಯರ್‌ನಲ್ಲಿ ಇಲ್ಲ, ಹೊಲಿಗೆ ಡಬ್ಬಿಯಲ್ಲೂ ಇಲ್ಲ. ಕೇಳಿದರೆ, “ಹಲ್ಲಲ್ಲಿ ಕಚ್ಚಿ ಬಿಚ್ಚಿ” ಎಂದಳು.