ಲೋಕಾರ್ಪಣೆ ಆಯಿತು, ಓದುವುದೊಂದು ಬಾಕಿ

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಿಡುಗಡೆಯಾಗಬೇಕಾದ ಕನ್ನಡ ಪುಸ್ತಕಕ್ಕೆ ಹನ್ನೊಂದೂಕಾಲರ ಹೊತ್ತಿಗೆ, ಅಂದರೆ ಮುಖ್ಯ ಅತಿಥಿಗಳು ಬಂದು ಪ್ರಾರ್ಥನೆ ಮುಗಿಯುವಷ್ಟರಲ್ಲಿ, ‘ಮೌಲಿಕ ಕೃತಿ’ ಎಂಬ ಬಿರುದು ಸಿಕ್ಕಿಯಾಗಿರುತ್ತದೆ. ಬಿರುದು ದಯಪಾಲಿಸುವವರು ಸ್ವಾಗತ ಭಾಷಣಕಾರರು. ಅವರ ಕಣ್ಣಿಗೆ ಆ ಕೃತಿ ಇನ್ನೂ ಬಿದ್ದಿರುವುದಿಲ್ಲ, ಏಕೆಂದರೆ ಅದು ಮಿಂಚುವ ಬಣ್ಣದ ಕಾಗದದೊಳಗೆ ರಿಬ್ಬನ್ ಬಿಗಿಸಿಕೊಂಡು ತಟ್ಟೆಯ ಮೇಲೆ ಕುಳಿತಿರುತ್ತದೆ.

ಆ ಕಾಗದ ಬಿಚ್ಚುವ ಕ್ರಿಯೆಯನ್ನು ಹತ್ತಿರದಿಂದ ನೋಡಬೇಕು. ರಿಬ್ಬನ್ನಿನ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ, ಸೆಲ್ಲೋಟೇಪಿನ ತುದಿ ಸಿಗುವುದಿಲ್ಲ, ಕತ್ತರಿ ತರಲು ಹೋದವರು ಬರುವುದಿಲ್ಲ. ಅಧ್ಯಕ್ಷರು ಉಗುರಿನಿಂದ ಕೆರೆಯುತ್ತಾರೆ, ವಿಮರ್ಶಕರು ಹಲ್ಲಿನ ಸಹಾಯ ಪಡೆಯಬಹುದೇ ಎಂದು ಯೋಚಿಸುತ್ತಾರೆ. ಕೊನೆಗೆ ಪುಸ್ತಕ ಹೊರಬಂದಾಗ ವೇದಿಕೆಯಲ್ಲಿರುವ ಒಂಬತ್ತು ಮಂದಿಯೂ ಒಂದೊಂದು ಪ್ರತಿಯನ್ನು ಎದೆಯ ಮಟ್ಟಕ್ಕೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ‘ಸ್ವಲ್ಪ ಮೇಲೆ ಹಿಡೀರಿ ಸಾರ್, ಮುಖ ಮುಚ್ಚಬೇಡಿ’ ಎಂದು ಛಾಯಾಗ್ರಾಹಕರು ಸೂಚಿಸುತ್ತಾರೆ. ಇಡೀ ಸಮಾರಂಭದಲ್ಲಿ ಪುಸ್ತಕಕ್ಕೆ ನೇರವಾಗಿ ಸಂಬಂಧಿಸಿದ ಏಕೈಕ ತಾಂತ್ರಿಕ ಸಲಹೆ ಇದು. ಮುದ್ರಣಾಲಯದಿಂದ ಪ್ರತಿಗಳು ಸಮಯಕ್ಕೆ ಬಾರದೆ, ಹೊಸ ಮುಖಪುಟವನ್ನು ಬೇರಾವುದೋ ಪುಸ್ತಕಕ್ಕೆ ಸುತ್ತಿ ಬಿಡುಗಡೆ ಮಾಡಿದ ಪ್ರಸಂಗಗಳೂ ನಮ್ಮಲ್ಲಿ ಉಂಟು. ಅಂಥ ಸಭೆಗಳಲ್ಲಿಯೂ ಕೃತಿಪರಿಚಯ ಎಂದಿನಷ್ಟೇ ಸುಸೂತ್ರವಾಗಿ ನಡೆದಿರುತ್ತದೆ.

ಅನಂತರ ಮುಖ್ಯ ಅತಿಥಿಗಳ ಮಾತು. ಒತ್ತಡದ ಕೆಲಸಗಳ ನಡುವೆ ಪೂರ್ತಿ ಓದಲಾಗಲಿಲ್ಲವೆಂದೂ ಬರುವಾಗ ಕಾರಿನಲ್ಲಿ ಕಣ್ಣಾಡಿಸಿದ್ದಾಗಿಯೂ ಅವರು ನಿರ್ವಂಚನೆಯಿಂದ ತಿಳಿಸುತ್ತಾರೆ. ಸಭೆ ಇದನ್ನು ತಪ್ಪೊಪ್ಪಿಗೆಯೆಂದು ಭಾವಿಸದೆ ದೊಡ್ಡವರ ಸರಳತೆಯೆಂದು ಸ್ವೀಕರಿಸುತ್ತದೆ. ಕಣ್ಣಾಡಿಸಿದ ಭಾಗ ಮುನ್ನುಡಿಯಾದ್ದರಿಂದ ಅವರು ಮುನ್ನುಡಿಯನ್ನು ಮೆಚ್ಚುತ್ತಾರೆ. ಮುನ್ನುಡಿ ಬರೆದವರೂ ವೇದಿಕೆಯಲ್ಲೇ ಇರುವುದರಿಂದ ಮೆಚ್ಚುಗೆ ಪೋಲಾಗುವುದಿಲ್ಲ. ಉಳಿದ ನಲವತ್ತು ನಿಮಿಷ ಮೊಬೈಲಿನಿಂದ ಯುವಜನರಲ್ಲಿ ಓದುವ ಹವ್ಯಾಸ ಕುಂಠಿತವಾಗುತ್ತಿರುವ ಬಗ್ಗೆ ಕಳವಳ.

ಸುದ್ದಿಮಾಧ್ಯಮಗಳು ಈ ಸಮಾರಂಭಗಳಿಗೆ ಬರುವುದೇ ಇಲ್ಲ ಎಂಬ ಆರೋಪದಲ್ಲಿ ಹುರುಳಿಲ್ಲ. ಅತಿಥಿಗಳಲ್ಲಿ ಒಬ್ಬ ಸಚಿವರಿದ್ದರೆ ಸಾಕು, ವಾಹಿನಿಗಳ ಮೈಕುಗಳು ಸಭಾಂಗಣದ ಬಾಗಿಲಿಗೇ ಬಂದು ನಿಲ್ಲುತ್ತವೆ. ಸಂಪುಟ ವಿಸ್ತರಣೆ ಯಾವಾಗ, ಹೈಕಮಾಂಡ್ ಏನು ಹೇಳಿತು ಎಂಬ ಪ್ರಶ್ನೆಗಳಿಗೆ ಸಚಿವರು ಕೈಯಲ್ಲಿ ಗೌರವ ಪ್ರತಿಯನ್ನು ಹಿಡಿದುಕೊಂಡೇ ಉತ್ತರಿಸುತ್ತಾರೆ. ಹಾಗಾಗಿ ಒಂದು ಕವನ ಸಂಕಲನ ಇಡೀ ದಿನ, ಗಂಟೆಗೆ ನಾಲ್ಕು ಸಲ, ರಾಜ್ಯದ ಮನೆಮನೆಗಳ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಕವಿಗೆ ಇದಕ್ಕಿಂತ ದೊಡ್ಡ ಪ್ರಚಾರ ಬೇಕೆಂದರೆ ಅದು ದುರಾಸೆ. ಮರುದಿನದ ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ಅಡಿಬರಹದಲ್ಲಿ ಎಂಟು ಹೆಸರುಗಳ ಬಳಿಕ ‘ಲೇಖಕರು ಉಪಸ್ಥಿತರಿದ್ದರು’ ಎಂದಿರುತ್ತದೆ.

ಸಾಪ್ತಾಹಿಕ ಪುರವಣಿಗೆ ವಿಮರ್ಶೆಗಾಗಿ ಕಳುಹಿಸಿದ ಎರಡು ಪ್ರತಿಗಳ ಭವಿಷ್ಯ ಬೇರೆ. ಕೆಲವು ತಿಂಗಳ ನಂತರ ಅವು ‘ಸಾದರ ಸ್ವೀಕಾರ’ದ ಅಂಕಣದಲ್ಲಿ ಹೆಸರು, ಪುಟ, ಬೆಲೆ ಮತ್ತು ಪ್ರಕಾಶಕರ ದೂರವಾಣಿ ಸಂಖ್ಯೆಯ ರೂಪದಲ್ಲಿ ಮೈದಳೆಯುತ್ತವೆ. ಪಕ್ಷಪಾತವಿಲ್ಲದ, ಉತ್ಪ್ರೇಕ್ಷೆಯಿಲ್ಲದ, ಒಂದಕ್ಷರವೂ ಸುಳ್ಳಿಲ್ಲದ ವಿಮರ್ಶೆ ಕನ್ನಡದಲ್ಲಿ ಇನ್ನೂ ಉಳಿದಿದ್ದರೆ ಅದು ಅಲ್ಲಿಯೇ ಎಂದು ನನ್ನ ಗಟ್ಟಿ ನಂಬಿಕೆ. ಉಳಿದದ್ದನ್ನು ಫೇಸ್‌ಬುಕ್ ನೋಡಿಕೊಳ್ಳುತ್ತದೆ. ಅಲ್ಲಿ ಪುಸ್ತಕದ ಜೊತೆ ಕಾಫಿ ಲೋಟವನ್ನಿಟ್ಟು ಚಿತ್ರ ತೆಗೆದು ‘ಕೈಸೇರಿತು, ಓದಲು ಕಾತರನಾಗಿದ್ದೇನೆ’ ಎಂದು ಬರೆದವರ ಕಾತರ ವರ್ಷಗಟ್ಟಲೆ ಹಾಗೆಯೇ ತಾಜಾ ಆಗಿರುತ್ತದೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ತಾಳೆಗರಿಯ ಮೇಲೆ ಬರೆಯಿಸಿ ಹಂಚಿದಳು. ಆಫ್‌ಸೆಟ್ ಬಂದು, ಡಿಜಿಟಲ್ ಮುದ್ರಣವೂ ಬಂದ ಮೇಲೆ, ಕಥಾಸಂಕಲನವೊಂದನ್ನು ಮೊದಲ ಮುದ್ರಣದಲ್ಲಿಯೇ 1000 ಪ್ರತಿ ಹಾಕಿಸುವ ಪ್ರಕಾಶಕರನ್ನು ಇಂದು ಸಾಹಸಿಗಳ ಸಾಲಿಗೆ ಸೇರಿಸುತ್ತಾರೆ. ಉಚಿತವಾಗಿ ಹಂಚುವ ಸಂಪ್ರದಾಯದಲ್ಲಿ ಮಾತ್ರ ಚೂರೂ ಲೋಪವಾಗಿಲ್ಲ. ಆ ವೆಚ್ಚವನ್ನು ಭರಿಸುವ ಅತ್ತಿಮಬ್ಬೆ ಈಗ ಸ್ವತಃ ಲೇಖಕರೇ.

ಹೀಗೆ ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತಿರುವಾಗ 2025ರ ಮೇ 20ರಂದು ಲಂಡನ್ನಿನಿಂದ ಒಂದು ತೊಂದರೆ ಬಂತು. ಹಾಸನದ ಬಾನು ಮುಷ್ತಾಕ್ ಅವರ 12 ಕಥೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿಬಿಟ್ಟಿತು. ಕನ್ನಡಕ್ಕೆ ಅದು ಮೊದಲನೆಯದು, ಕಥಾಸಂಕಲನವೊಂದಕ್ಕೂ ಮೊದಲನೆಯದು. ಆ ಕಥೆಗಳು 1990ರಿಂದ 2023ರವರೆಗಿನ ಅವಧಿಯವು. ಕನ್ನಡದ ಓದುಗರು ಅವರನ್ನು ಗುರುತಿಸಿರಲಿಲ್ಲ ಎನ್ನುವುದು ಅನ್ಯಾಯದ ಮಾತು: ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು, ಅದೇ ಅತ್ತಿಮಬ್ಬೆಯ ಹೆಸರಿನ ಪ್ರಶಸ್ತಿಯೂ ಬಂದಿತ್ತು, ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ಹಸೀನಾ’ ಚಿತ್ರವನ್ನೂ ಮಾಡಿದ್ದರು. ಸುದ್ದಿಮನೆಗಳಿಗೆ ಮಾತ್ರ ಮೂವತ್ತಕ್ಕೂ ಹೆಚ್ಚು ವರ್ಷ ಸಿಗದಿದ್ದ ವಿಳಾಸ ಲಂಡನ್ನಿನ ದಾರಿಯಾಗಿ ಒಂದೇ ರಾತ್ರಿಯಲ್ಲಿ ಸಿಕ್ಕಿತು. ಹೇಗನ್ನಿಸುತ್ತಿದೆ, 50,000 ಪೌಂಡ್ ಅಂದರೆ ರೂಪಾಯಿಯಲ್ಲಿ ಎಷ್ಟಾಗುತ್ತದೆ, ಅನುವಾದಕಿಗೂ ಸಮಪಾಲು ಏಕೆ ಎಂಬ ಮೂಲಭೂತ ಜಿಜ್ಞಾಸೆಗಳೆಲ್ಲ ಮುಗಿದು ಕಥೆಗಳಲ್ಲಿ ಏನಿದೆ ಎಂಬಲ್ಲಿಗೆ ಬರುವಷ್ಟರಲ್ಲಿ ಜಾಹೀರಾತಿನ ವಿರಾಮ ಬರುತ್ತಿತ್ತು.

ಆಗ ಕೈತಪ್ಪಿದ ಅವಕಾಶವನ್ನು ಮಾಧ್ಯಮಗಳು ಅದೇ ವರ್ಷದ ಮೈಸೂರು ದಸರಾ ಸಮಯದಲ್ಲಿ ಬಡ್ಡಿಸಮೇತ ಸರಿಪಡಿಸಿಕೊಂಡವು. ಉದ್ಘಾಟನೆಗೆ ಸರ್ಕಾರ ಬಾನು ಮುಷ್ತಾಕ್ ಅವರನ್ನು ಆಹ್ವಾನಿಸಿದ್ದೇ ತಡ, ಅವರದೊಂದು ಹಳೆಯ ಭಾಷಣದ ತುಣುಕು ಹೊರಬಂತು. ಆ ತುಣುಕಿನ ಒಂದೊಂದು ಪದವನ್ನೂ ಹಿಂದಕ್ಕೆ ಮುಂದಕ್ಕೆ ಓಡಿಸಿ, ಧ್ವನಿಯ ಏರಿಳಿತ ಗಮನಿಸಿ, ಧ್ವನ್ಯರ್ಥ ಶೋಧಿಸಿ ವಾರಗಟ್ಟಲೆ ಚರ್ಚೆ ನಡೆಸಿದರು. ಇಷ್ಟು ಸೂಕ್ಷ್ಮವಾದ ಪಠ್ಯವಿಶ್ಲೇಷಣೆ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿಯೂ ನಡೆದದ್ದನ್ನು ನಾನು ಕಾಣೆ. ಆ ಆಹ್ವಾನವನ್ನು ಪ್ರಶ್ನಿಸಿದ ವಿಷಯ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು; ಎರಡೂ ಕಡೆ ಅರ್ಜಿಗಳು ವಜಾ ಆದವು; ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉದ್ಘಾಟಿಸಿದರು. ಅಷ್ಟು ಹೊತ್ತಿಗೆ ಆ ಲೇಖಕಿಯ ಬಗ್ಗೆ ಅಭಿಪ್ರಾಯವಿಲ್ಲದ ಕನ್ನಡಿಗರು ಉಳಿದಿರಲಿಲ್ಲ. ಹನ್ನೆರಡರಲ್ಲಿ ಒಂದು ಕಥೆಯ ಹೆಸರು ಹೇಳಿ ಎಂದು ಆ ಚರ್ಚೆಗಳಲ್ಲಿ ಯಾರೂ ಯಾರನ್ನೂ ಕೇಳದೆ ಪರಸ್ಪರ ಮರ್ಯಾದೆ ಕಾಪಾಡಿಕೊಂಡರು.

ಭಾನುವಾರದ ಸಭೆಗಳಿಗೆ ಇದರಿಂದ ಒಂದು ಶಾಶ್ವತ ಲಾಭವಾಗಿದೆ. ಕಾರಿನಲ್ಲಿ ಕಣ್ಣಾಡಿಸಿ ಬಂದ ಅತಿಥಿಗಳಿಗೆ ಮುನ್ನುಡಿಯ ಆಚೆಗೆ ಹೇಳಲು ಈಗ ಒಂದು ವಾಕ್ಯ ಸಿಕ್ಕಿದೆ: ಈ ಕೃತಿಯೂ ಇಂಗ್ಲಿಷಿಗೆ ಹೋದರೆ ಬೂಕರ್ ಖಚಿತ. ಲೇಖಕರು ಕೈಮುಗಿಯುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಉಪಾಹಾರದ ಕೂಪನ್ ಹಂಚಿಕೆ ಶುರುವಾಗುತ್ತದೆ. ಇಂಗ್ಲಿಷಿಗೆ ಕಳುಹಿಸಬೇಕಾದರೆ ಯಾರಾದರೊಬ್ಬರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕಾಗುತ್ತದೆ ಎಂಬ ತಾಂತ್ರಿಕ ತೊಡಕನ್ನು ಮಾತ್ರ ವಂದನಾರ್ಪಣೆಯವರೂ ಪ್ರಸ್ತಾಪಿಸುವುದಿಲ್ಲ.