"ಎಲ್ಲಾ ಒಂದೇ ಸಾರ್" ಅನ್ನೋರಿಗೆ: 87 ಅಂದ್ರೆ 87

ಬೇಕಾಗಿದ್ದು ಒಂದೇ ಒಂದು ಥರ್ಮೋಸ್ಟಾಟ್. ಅಂಗೈಯಲ್ಲಿ ಹಿಡಿಸುವ ಸಾಮಾನು, ಎಂಜಿನ್ ಬಿಸಿಯಾದ ಮೇಲಷ್ಟೇ ಅದರ ನೀರನ್ನು ತಂಪಾಗಲು ರೇಡಿಯೇಟರ್ ಕಡೆ ಬಿಡುವ ವಾಲ್ (ವಾಲ್ವ್). ನಮ್ಮ ಗಾಡಿಯದು 87 ಡಿಗ್ರಿಗೆ ತೆರೆಯಬೇಕು. ಅದಕ್ಕಾಗಿ ಬೆಂಗಳೂರೆಲ್ಲ ಅಲೆದು ತಲೆಕೆಟ್ಟು ಹೋಗಿದೆ. ಸ್ಟಾಕ್ ಇಲ್ಲ ಅಂದಿದ್ದರೆ ನನಗೆ ಬೇಜಾರೇ ಇರಲಿಲ್ಲ. ಹಳೇ ಗಾಡಿ ಇಟ್ಟುಕೊಂಡವರಿಗೆ ಕಾಯುವುದು ಅಭ್ಯಾಸವಾಗಿರುತ್ತದೆ. ಆದರೆ ಯಾರೊಬ್ಬರೂ ಇಲ್ಲ ಅನ್ನಲಿಲ್ಲ. ಎಲ್ಲರ ಹತ್ರವೂ "ಇದೆ". ಕೈಗೆ ಬಂದದ್ದು ಮಾತ್ರ ಬೇರೆ ಯಾವುದೋ ಗಾಡಿಯದು. ತಪ್ಪು ಅಂತ ತೋರಿಸಿದರೆ ಅದೇ ಉತ್ತರ: "ಎಲ್ಲಾ ಒಂದೇ ಸಾರ್, ಹಾಕಿ, ನಡೆಯುತ್ತೆ."

ನಡೆಯಲ್ಲ ಕಣ್ರೀ. ಅದನ್ನೇ ಹೇಳಬೇಕು ಅಂತ ಬರೀತಿದ್ದೀನಿ.

ನಮ್ಮದು 1996ರ ಮರ್ಸಿಡಿಸ್ ಇ220. ಡಬ್ಲ್ಯೂ124 ಅಂತಾರಲ್ಲ, ಆ ಚೌಕಾಕಾರದ ಗಾಡಿ. ಈ ಕಂಪನಿ ಭಾರತದಲ್ಲಿ ಮೊದಲು ಜೋಡಿಸಿದ ಕಾರು ಇದೇ ಮಾಡೆಲ್, 1995ರಲ್ಲಿ, ಪುಣೆಯಲ್ಲಿ. ನಮ್ಮ ಮಾವ ತುಂಬಾ ಆಸೆಪಟ್ಟು ತಗೊಂಡಿದ್ದರು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. 2199 ಸಿಸಿ ಪೆಟ್ರೋಲ್ ಎಂಜಿನ್, ಹೆಸರು ಎಂ111. ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂದು. ಇಷ್ಟು ವರ್ಷವಾದರೂ ಬಾಗಿಲು ಹಾಕಿದರೆ ಬರುವ ಆ ಸದ್ದು ಇವತ್ತಿನ ಎಷ್ಟೋ ಗಾಡಿಗಳಿಗಿಲ್ಲ.

ಇದರ ಟೆಂಪರೇಚರ್ ಮೀಟರ್ ಮೇಲೆ 40, 80, 120 ಅಂತ ನಂಬರ್ ಇದೆ. ಎಂಜಿನ್ ಬಿಸಿಯಾದ ಮೇಲೆ ಮುಳ್ಳು 80 ದಾಟಿ ಸ್ವಲ್ಪ ಮೇಲೆ ನಿಲ್ಲಬೇಕು. ನಮ್ಮದು ಸಿಗ್ನಲ್‌ನಲ್ಲಿ ನಿಂತಾಗ ಅಲ್ಲಿಗೆ ಬರುತ್ತಿತ್ತು. ತುಮಕೂರು ರೋಡ್ ಹಿಡಿದು ಸ್ವಲ್ಪ ವೇಗ ಹೋದ ಕೂಡಲೇ ಇಳಿದು ಇಳಿದು 60ರ ಹತ್ರ ಕೂರುತ್ತಿತ್ತು. ಮೈಲೇಜೂ ಬಿತ್ತು. ಇದಕ್ಕೆ ದೊಡ್ಡ ತನಿಖೆಯೇನೂ ಬೇಡ. ಥರ್ಮೋಸ್ಟಾಟ್ ಬಾಯಿ ಬಿಟ್ಟುಕೊಂಡು ಸಿಕ್ಕಿಹಾಕಿಕೊಂಡಿದೆ, ಮುಚ್ಚುತ್ತಿಲ್ಲ ಅಂತ ಲೆಕ್ಕ.

ಮೊದಲು ಹೋಗಿದ್ದು ದೊಡ್ಡ ಗಾಜಿನ ಕಟ್ಟಡದ ಒಂದು ಸರ್ವಿಸ್ ಸೆಂಟರಿಗೆ. ಕೌಂಟರಿನ ಹುಡುಗ ಕಂಪ್ಯೂಟರಲ್ಲಿ ಏನೋ ಒತ್ತಿ "ಈ ಗಾಡಿ ಸಿಸ್ಟಮ್‌ನಲ್ಲೇ ಬರ್ತಿಲ್ಲ ಸಾರ್" ಅಂದ. ಚಾಸಿ ನಂಬರ್ ಹಾಕು ಅಂದೆ. ಹಾಕಲಿಲ್ಲ. ಕಾಫಿ ಕುಡೀರಿ ಸಾರ್ ಅಂದ. ಕಾಫಿ ಕುಡಿಯಲು ಹೋಗಿದ್ನಾ ನಾನು?

ಆಮೇಲೆ ಒಂದು ಗ್ಯಾರೇಜು. ವಯಸ್ಸಾದ ಮೇಸ್ತ್ರಿ, ಒಳ್ಳೇ ಕೈ ಅಂತ ಹೆಸರಿದೆ. ಬಾನೆಟ್ ಎತ್ತಿ ನೋಡಿ ಒಂದೇ ಮಾತು: "ವಾಲ್ ತೆಗೆದು ಬಿಸಾಕಿ ಸಾರ್. ನಮ್ಮ ದೇಶಕ್ಕೆ ಇದು ಬೇಡ. ಜರ್ಮನಿಯ ಚಳಿಗೆ ಮಾಡಿರೋದು." ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಷ್ಟು ಜನ ಓನರ್‌ಗಳು ಇದನ್ನು ನಂಬಿ ಎಷ್ಟು ಎಂಜಿನ್ ಹಾಳು ಮಾಡಿಕೊಂಡಿದ್ದಾರೋ.

ಯಜಮಾನ್ರೇ, ಸ್ವಲ್ಪ ಕೇಳಿ. ಎಂಜಿನ್ನಿಗೆ ಹೊರಗಿನ ಚಳಿ ಬಿಸಿಲು ಲೆಕ್ಕಕ್ಕಿಲ್ಲ. ಅದಕ್ಕೆ ತನ್ನದೇ ಬಿಸಿ ಬೇಕು. ಬೆಂಗಳೂರಲ್ಲಿ ಮೂವತ್ತು ಡಿಗ್ರಿ ಬಿಸಿಲಿದ್ದರೂ ಎಂಜಿನ್ನಿಗೆ ಅದು ತಣ್ಣಗೇ. ಕೂಲಂಟ್, ಅಂದರೆ ಎಂಜಿನ್ನಿನೊಳಗೆ ಸುತ್ತುವ ತಂಪು ಮಾಡುವ ನೀರು, ಸರಿಯಾಗಿ ಬಿಸಿಯಾಗದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಇನ್ನೂ ಗಾಡಿ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ. ಇದೆಲ್ಲ ಒಂದು ದಿನದಲ್ಲಿ ಕಾಣಲ್ಲ. ವರ್ಷಗಳ ಮೇಲೆ ಹೊಗೆ ಬಂದಾಗ "ಹಳೇ ಗಾಡಿ ಅಲ್ವಾ ಸಾರ್" ಅಂತ ಮತ್ತೆ ನೀವೇ ಹೇಳ್ತೀರಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಈ ತರದ ಥರ್ಮೋಸ್ಟಾಟಿಗೆ ಎರಡು ತಟ್ಟೆ ಇರುತ್ತವೆ. ನಡುವೆ ಒಂದು ಸಣ್ಣ ಕೊಳವೆ, ಅದರೊಳಗೆ ಮೇಣ. ಬಿಸಿಗೆ ಮೇಣ ಕರಗಿ ಹಿಗ್ಗುತ್ತದೆ, ಸ್ಪ್ರಿಂಗಿನ ವಿರುದ್ಧ ತಳ್ಳುತ್ತದೆ, ದೊಡ್ಡ ತಟ್ಟೆ ಸರಿದು ರೇಡಿಯೇಟರ್ ದಾರಿ ತೆರೆಯುತ್ತದೆ. ಅದೇ ಹೊತ್ತಿಗೆ ಇನ್ನೊಂದು ತುದಿಯ ಚಿಕ್ಕ ತಟ್ಟೆ ಹೋಗಿ ಬೈಪಾಸ್ ದಾರಿಯನ್ನು, ಅಂದರೆ ನೀರು ರೇಡಿಯೇಟರಿಗೆ ಹೋಗದೇ ಎಂಜಿನ್ನಿಗೇ ವಾಪಸ್ ಬರುವ ದಾರಿಯನ್ನು, ಮುಚ್ಚುತ್ತದೆ. ವಾಲ್ ಕಿತ್ತು ಬಿಸಾಕಿದರೆ ಆ ಬೈಪಾಸ್ ಮುಚ್ಚುವವರು ಯಾರು? ಕುದಿಯುವ ನೀರಲ್ಲಿ ಒಂದಷ್ಟು ರೇಡಿಯೇಟರ್ ಕಡೆ ಹೋಗದೇ ಎಂಜಿನ್ನಲ್ಲೇ ಸುತ್ತುತ್ತದೆ. ಹೈವೇಯಲ್ಲಿ ತಣ್ಣಗೆ ಓಡುವ ಅದೇ ಗಾಡಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕುದಿಯುತ್ತದೆ. ಅಲ್ಯುಮಿನಿಯಂ ಹೆಡ್ ಸೊಟ್ಟಗಾದರೆ, ಹೆಡ್ ಗ್ಯಾಸ್ಕೆಟ್ ಹೋದರೆ, ಆ ಖರ್ಚು ಯಾರು ಕೊಡ್ತಾರೆ? ಆಗಲೂ ಇವರು ಥರ್ಮೋಸ್ಟಾಟ್ ನೆನಪಿಸಿಕೊಳ್ಳಲ್ಲ. ರೇಡಿಯೇಟರ್ ಬದಲಾಯಿಸಿ, ವಾಟರ್ ಪಂಪ್ ಬದಲಾಯಿಸಿ, ಫ್ಯಾನ್ ಬದಲಾಯಿಸಿ ಅಂತ ಒಂದೊಂದೇ ಬಿಲ್ ಹಾಕುತ್ತಾ ಹೋಗುತ್ತಾರೆ. ಅದರ ಮೇಲೆ ಬೋರ್‌ವೆಲ್ ನೀರು ಬೇರೆ ತುಂಬಿಸುತ್ತಾರೆ.

ಸರಿ, ನಾನೇ ಹುಡುಕಿಕೊಳ್ತೀನಿ ಅಂತ ಜೆ.ಸಿ. ರೋಡಿಗೆ ಹೋದೆ. ಅಲ್ಲಿ ಸಿಗದ ಸ್ಪೇರ್ ಇಲ್ಲ ಅಂತಾರೆ. ಒಬ್ಬರು ಹಳೇ ಪೀಸ್ ಕೊಡಿ, ಮ್ಯಾಚ್ ಮಾಡಿ ಕೊಡ್ತೀನಿ ಅಂದರು. ಕೊಟ್ಟೆ. ಒಳಗಿಂದ ಒಂದು ತಂದು ಎರಡನ್ನೂ ಬೆನ್ನಿಗೆ ಬೆನ್ನು ಹಿಡಿದು "ನೋಡಿ, ಒಂದೇ ಸೈಜು" ಅಂದರು. ಅಗಲ ಒಂದೇ ಇತ್ತು, ನಿಜ. ತಿರುಗಿಸಿ ನೋಡಿದರೆ ಕೆಳಗಿನ ಚಿಕ್ಕ ತಟ್ಟೆಯೇ ಇಲ್ಲ! ಮೇಲೆ ಕೊರೆದಿದ್ದು 82. ನನ್ನದರ ಮೇಲೆ 87 ಅಂತ ಕಣ್ಣಿಗೆ ಹೊಡೆಯುವ ಹಾಗಿದೆ. "ಅಣ್ಣಾ, ಇದಕ್ಕೆ ಬೈಪಾಸ್ ತಟ್ಟೆ ಇಲ್ಲ, ನಂಬರೂ ಬೇರೆ" ಅಂದೆ. "ಐದು ಡಿಗ್ರಿಗೆ ಏನಾಗುತ್ತೆ ಸಾರ್" ಅಂದರು. ತಟ್ಟೆಯ ಮಾತೇ ಎತ್ತಲಿಲ್ಲ. ಪಕ್ಕದವರ ಹತ್ರ 87 ಅಂತ ಡಬ್ಬಿ ಮೇಲೆ ಪ್ರಿಂಟ್ ಆಗಿತ್ತು. ಒಳಗಿನ ಸಾಮಾನಿನ ಮೇಲೆ ಕಂಪನಿ ಹೆಸರೂ ಇಲ್ಲ, ಡಿಗ್ರಿಯೂ ಇಲ್ಲ. ಬೇರ್, ವಾಲರ್ ತರದ ಜರ್ಮನ್ ಕಂಪನಿಗಳು ಮಾಡಿದ ಥರ್ಮೋಸ್ಟಾಟ್ ಮೇಲೆ ಲೋಹದಲ್ಲೇ ಎರಡೂ ಒತ್ತಿರುತ್ತಾರೆ. ಆದರೂ ತಗೊಂಡೆ, ಮನೆಗೆ ತಂದು ಪರೀಕ್ಷೆ ಮಾಡಿದೆ.

ಆ ಪರೀಕ್ಷೆ ಹೇಳ್ತೀನಿ, ಬೇಕಾದವರು ಮಾಡಿ ನೋಡಿ. ದೊಡ್ಡ ತಟ್ಟೆಯನ್ನು ಒತ್ತಿ ಸಂದಿಗೆ ಒಂದು ದಾರ ಸಿಕ್ಕಿಸಬೇಕು. ಆ ದಾರದಲ್ಲೇ ಥರ್ಮೋಸ್ಟಾಟನ್ನು ಪಾತ್ರೆಯ ನೀರಲ್ಲಿ ತೂಗಿಬಿಡಬೇಕು, ತಳ ಮುಟ್ಟಬಾರದು. ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್. ಸಣ್ಣ ಉರಿ. ಬಾಯಿ ತೆರೆದ ಗಳಿಗೆ ದಾರ ಸಡಿಲವಾಗಿ ಸಾಮಾನು ಟಕ್ಕನೆ ತಳಕ್ಕೆ ಬೀಳುತ್ತದೆ. ಈ "87" ಡಬ್ಬಿಯದು 75 ದಾಟುತ್ತಿದ್ದ ಹಾಗೇ ಬಿತ್ತು. ತಣ್ಣಗೆ ಮಾಡಿ ಮತ್ತೆ ಇಟ್ಟರೂ ಅಷ್ಟೇ. ಇನ್ನೊಂದು ಮಾತು. ಪೂರ್ತಿ ತೆರೆಯುವುದನ್ನು ಬೆಂಗಳೂರಿನ ಬರೀ ನೀರಲ್ಲಿ ನೋಡಲು ಆಗಲ್ಲ. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೀವಿ, ಇಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ, ಪೂರ್ತಿ ತೆರೆಯಲು ಅಷ್ಟು ಬಿಸಿ ಸಾಲದು. ತೆರೆಯಲು ಶುರುವಾಗುವುದು ಮಾತ್ರ ಚೆನ್ನಾಗಿ ಕಾಣುತ್ತದೆ, ಅಷ್ಟು ಸಾಕು. ಒಂದು ಪಾತ್ರೆ, ಒಂದು ದಾರ. ಮಾರುವವರಿಗೆ ಇಷ್ಟು ಮಾಡಿ ನೋಡಲು ಏನು ಕಷ್ಟ?

ಆನ್‌ಲೈನ್ ಕಥೆ ಇನ್ನೂ ಮೋಸ. ಅಲ್ಲಿ ಮೊದಲು ಕೇಳುವುದು ಗಾಡಿಯ ವರ್ಷ. 1996 ಅಂತ ಹಾಕಿದ ಕೂಡಲೇ ತಪ್ಪು ಶುರು. ಜರ್ಮನಿಯಲ್ಲಿ ಡಬ್ಲ್ಯೂ124 ಸೆಡಾನ್ 1995ಕ್ಕೇ ಮುಗಿಯಿತು, ಅದರ ಜಾಗಕ್ಕೆ ದುಂಡು ಲೈಟಿನ ಡಬ್ಲ್ಯೂ210 ಬಂತು. ನಮ್ಮಲ್ಲಿ ಹಳೇ ಮಾಡೆಲ್ಲೇ ಮುಂದುವರಿಯಿತು. ಆ ಅಂಗಡಿಯ ಪಟ್ಟಿಗೆ ಇದು ಗೊತ್ತೇ ಇಲ್ಲ. 1996, ಇ220 ಅಂದರೆ ಅದು ತೋರಿಸುವುದು ಡಬ್ಲ್ಯೂ210 ಇ220. ಆ ಗಾಡಿ ಡೀಸೆಲ್! ಎಂಜಿನ್ನೇ ಬೇರೆ, ಓಎಂ604. ನನ್ನದು ಪೆಟ್ರೋಲ್ ಎಂ111. ಇದನ್ನು ಮೊದಲೇ ಅರ್ಥ ಮಾಡಿಕೊಂಡು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬರೆದು ಕಳಿಸಿದೆ. ಪೆಟ್ರೋಲ್ ಅಂತ ಒತ್ತಿ ಹೇಳಿದೆ. ಹಳೇ ಸಾಮಾನಿನ ಫೋಟೋ ಎರಡೂ ಕಡೆಯಿಂದ ತೆಗೆದು ಹಾಕಿದೆ. "ಕನ್ಫರ್ಮ್ ಸಾರ್, ನಿಮ್ಮ ಗಾಡಿಗೇ ಬರುತ್ತೆ" ಅಂತ ಉತ್ತರ ಬಂತು. ದುಡ್ಡು ಕಟ್ಟಿದೆ. ಬಂದದ್ದು ಡೀಸೆಲ್‌ದು.

ನಂಬರ್ ಕೇಳಿ ಇಸ್ಕೊಂಡು ಅದನ್ನು ಓದದೇ ಇದ್ದರೆ ಕೇಳುವುದು ಯಾಕೆ ಸ್ವಾಮಿ? ಎಂಜಿನ್ ನಂಬರಿನ ಮೊದಲ ಮೂರು ಅಂಕಿಯಲ್ಲೇ ಎಲ್ಲ ಇದೆ, 111 ಅಂತ. ಮೂರು ಅಂಕಿ ಓದಲು ಎಷ್ಟು ಹೊತ್ತು ಬೇಕು?

ಕೊನೆಗೆ ಸಿಕ್ಕಿದ್ದು ಶಾರ್ಜಾದಲ್ಲಿ. ನಮ್ಮ ಚಿಕ್ಕಪ್ಪನ ಮಗ ಅಲ್ಲೇ ಕೆಲಸದಲ್ಲಿದ್ದಾನೆ. ರಜೆಗೆ ಬರುವ ಮುಂಚೆ ಒಂದು ಸ್ಪೇರ್ಸ್ ಅಂಗಡಿಗೆ ಹೋಗಿ ಫೋನ್ ಮಾಡಿದ. ಅಂಗಡಿಯವರು ಎಂಜಿನ್ ನಂಬರ್ ಕೇಳಿದರಂತೆ, ಬರೆದುಕೊಂಡರಂತೆ, ಒಳಗಿಂದ ಡಬ್ಬಿ ತಂದು ಅವನ ಎದುರಿಗೇ ತೆರೆದು 87 ಅಂತ ಇರುವುದನ್ನು ಬೆರಳಿಟ್ಟು ತೋರಿಸಿದರಂತೆ. ಎರಡೂ ತಟ್ಟೆ ಇದೆ, ರಬ್ಬರ್ ರಿಂಗ್ ಜೊತೆಗೇ ಇದೆ. ಹೊರಡುವಾಗ "ಆ ಸಣ್ಣ ಗಾಳಿ ತೂತು ಮೇಲ್ಗಡೆ ಬರೋ ಹಾಗೆ ಕೂರಿಸಕ್ಕೆ ಹೇಳಿ" ಅಂತ ಕೂಡ ಹೇಳಿ ಕಳಿಸಿದ್ದಾರೆ. ಇಷ್ಟೇ ನಾನು ಇಲ್ಲಿ ಕೇಳಿದ್ದು. ಸಮುದ್ರ ದಾಟಿ ತರಿಸಬೇಕಾಯಿತು. ಹಾಗೆ ತರಿಸಲು ಯಾರೂ ಇಲ್ಲದವರು ಏನು ಮಾಡಬೇಕು? ವಾಲ್ ಬಿಸಾಕಿ ಓಡಿಸಬೇಕಾ?

ಮನೆಯಲ್ಲೇ ಪಾತ್ರೆಯಲ್ಲಿ ನೋಡಿದೆ, 87ರ ಹತ್ರವೇ ಬಿತ್ತು. ಬೇರೊಬ್ಬ ಹುಡುಗನ ಹತ್ರ, ಪಕ್ಕದಲ್ಲೇ ನಿಂತು ಹಾಕಿಸಿದೆ. ಕೂಲಂಟು, ಡಿಸ್ಟಿಲ್ಡ್ ವಾಟರ್ ನಾನೇ ತಗೊಂಡು ಹೋಗಿದ್ದೆ. ಈಗ ಮುಳ್ಳು ಎಲ್ಲಿರಬೇಕೋ ಅಲ್ಲೇ ಇದೆ, ತುಮಕೂರು ರೋಡಲ್ಲೂ, ಟ್ರಾಫಿಕ್‌ನಲ್ಲೂ.

ಆನ್‌ಲೈನ್ ಅಂಗಡಿಯವರು ಮಾತ್ರ ದುಡ್ಡು ವಾಪಸ್ ಕೊಟ್ಟಿಲ್ಲ. ತಪ್ಪು ಸಾಮಾನು ಕಳಿಸಿದ್ದು ಒಪ್ಪಿಕೊಂಡಿದ್ದಾರೆ. ಆದರೆ ಡಬ್ಬಿಯ ಸೀಲ್ ಒಡೆದಿದ್ದೀನಂತೆ, ಒಡೆದ ಮೇಲೆ ವಾಪಸ್ ತಗೊಳ್ಳಲ್ವಂತೆ. ಡಬ್ಬಿ ತೆರೆಯದೇ ಒಳಗಿನ ನಂಬರ್ ಓದುವುದು ಹೇಗೆ ಅಂತ ಬರೆದು ಕೇಳಿದೆ. "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಕಳಿಸಿ ದೂರನ್ನೇ ಮುಚ್ಚಿದ್ದಾರೆ. ನಾನು ಬಿಡಲ್ಲ. ಇವತ್ತು ಮತ್ತೆ ದೂರು ಹಾಕಿದ್ದೀನಿ. ಇದಕ್ಕೂ ಹೀಗೇ ಮಾಡಿದರೆ ಬಿಲ್ಲು, ಫೋಟೋ, ಅವರದ್ದೇ "ಕನ್ಫರ್ಮ್ ಸಾರ್" ಮೆಸೇಜು ಎಲ್ಲ ಹಿಡಿದುಕೊಂಡು ಗ್ರಾಹಕರ ಕೋರ್ಟಿಗೆ ಹೋಗ್ತೀನಿ.