ಟವೆಲ್ ಹಾಕಿದ ಸೀಟು

"ಹಲೋ ಸರ್, ಐ ಆಮ್ ಇಂಟರೆಸ್ಟೆಡ್. ಪ್ಲೀಸ್ ಅಸೈನ್ ದಿಸ್ ಇಶ್ಯೂ ಟು ಮಿ."

ಬೆಳಗ್ಗೆಯಿಂದ ನಮ್ಮ ಕನ್ನಡ ಕೀಬೋರ್ಡ್ ಪ್ರಾಜೆಕ್ಟಿಗೆ (ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಂದು ಕೋಡ್ ತಿದ್ದೋಕೆ ಕೈಜೋಡಿಸಬಹುದು) ಇದೇ ಮಂತ್ರ ಬೇರೆ ಬೇರೆ ಹೆಸರಲ್ಲಿ ಬರ್ತಾ ಇದೆ. ಮಾರ್ಚ್ ಬಂದರೆ ಹೀಗೇ, ಹೊಸಬರಿಗೆ ದುಡ್ಡು ಕೊಟ್ಟು ಇಂಥ ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡಿಸೋ ಗೂಗಲ್ ಸಮ್ಮರ್ ಆಫ್ ಕೋಡ್ ಅರ್ಜಿಯ ಕಾಲ. 2005ರಿಂದ ನಡೀತಿರೋ ಆ ಕಾರ್ಯಕ್ರಮದಲ್ಲಿ ನಮ್ಮ ಪ್ರಾಜೆಕ್ಟೇ ಇಲ್ಲ ಕಣ್ರಪ್ಪಾ ಅಂದರೆ, "ಪರವಾಗಿಲ್ಲ ಸರ್, ಪ್ರೊಫೈಲ್‌ಗೆ ಆಗುತ್ತೆ" ಅಂತಾರೆ.

ಇಶ್ಯೂ ಅಂದರೆ ಸರಿಮಾಡಬೇಕಾದ ಒಂದು ತೊಂದರೆ. ಅದನ್ನು ಒಬ್ಬರ ಹೆಸರಿಗೆ ಬರೆಯೋ ಈ ಅಸೈನ್ ಅನ್ನೋದು ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ. ಬಸ್ಸಲ್ಲಾದರೆ ಟವೆಲ್ ಹಾಕಿದವನು ನೂಕಿಕೊಂಡಾದರೂ ಹತ್ತಿ ಬರ್ತಾನೆ. ನಮ್ಮಲ್ಲಿ ಟವೆಲ್ ಮಾತ್ರ ಪ್ರಯಾಣ ಮಾಡುತ್ತೆ. ನಿಜವಾಗಿ ಕೆಲಸ ಮಾಡೋರು ಬಂದು, "ಓ, ಯಾರೋ ಇದ್ದಾರೆ" ಅಂತ ಇಳಿದು ಹೋಗ್ತಾರೆ.

ಇಂಥ ಒಬ್ಬ ಟವೆಲ್ ರಾಯರು ನನ್ನ ಪಾಲಿಗೆ ಗಂಟುಬಿದ್ದಿದ್ದಾರೆ. ಅವರು ಹಿಡಿದಿರೋ ಇಶ್ಯೂ ಚಿಕ್ಕದು. 'ರ‍್ಯಾಂಕ್' ಅಂತ ಟೈಪ್ ಮಾಡಿದರೆ ಅರ್ಕಾವತ್ತು ಹಾರಿಬಂದು 'ರ್ಯಾಂಕ್' ಆಗುತ್ತೆ. ರ ಆದಮೇಲೆ ಝಡ್‌ಡಬ್ಲ್ಯೂಜೆ ಅನ್ನೋ, ಕಣ್ಣಿಗೆ ಕಾಣದ ಒಂದು ಅಕ್ಷರ ತೂರಿಸಬೇಕು, ಅಷ್ಟೆ. ಕೇಳಿದಾಗ ಮೊದಲು ಸೆಮಿಸ್ಟರ್ ಪರೀಕ್ಷೆ ಇತ್ತು. ಆಮೇಲೆ ಲ್ಯಾಪ್‌ಟಾಪ್ ಸರ್ವೀಸಿಗೆ ಹೋಯ್ತು. ಆಮೇಲೆ ಅಕ್ಕನ ಮದುವೆ. ಅದಾದಮೇಲೆ ಏನು ಕೇಳಿದರೂ ಬರೀ ಹೆಬ್ಬೆಟ್ಟು! "ಬೇರೆಯವರಿಗೆ ಕೊಡಲಾ?" ಅಂದರೆ ಮಾತ್ರ ಅರೆಕ್ಷಣದಲ್ಲಿ ಉತ್ತರ: "ನೋ ಸರ್, ಆಲ್‌ಮೋಸ್ಟ್ ಡನ್!"

ಹೋದ ವಾರ ಅವರ ಪುಲ್ ರಿಕ್ವೆಸ್ಟ್, ಅಂದರೆ 'ನನ್ನ ತಿದ್ದುಪಡಿ ಸೇರಿಸಿಕೊಳ್ಳಿ' ಅನ್ನೋ ಕೋರಿಕೆ, ಬಂದೇ ಬಂತು. ಕಾಫಿ ಪಕ್ಕಕ್ಕಿಟ್ಟು ತೆಗೆದೆ. ಪ್ರಾಜೆಕ್ಟಿನ ಪರಿಚಯ ಇರೋ ರೀಡ್‌ಮಿ ಫೈಲಿನಲ್ಲಿ ಒಂದೇ ಒಂದು ಸಾಲು ಬದಲಾವಣೆ, ಕಾಂಟ್ರಿಬ್ಯೂಟರ್ ಪಟ್ಟಿಗೆ ಅವರ ಹೆಸರು.

ಇದೇನು ಹೊಸ ರೋಗವಲ್ಲ ಬಿಡಿ. ಪ್ರತಿ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅಂತ ಓಪನ್ ಸೋರ್ಸಿಗೆ ಜನರನ್ನು ಸೆಳೆಯೋ ಉತ್ಸವ ನಡೆಯುತ್ತೆ. 2020ರ ಹ್ಯಾಕ್ಟೋಬರ್‌ಫೆಸ್ಟಿನಲ್ಲಿ ನಾಲ್ಕು ಪುಲ್ ರಿಕ್ವೆಸ್ಟಿಗೆ ಟಿ-ಶರ್ಟ್ ಅಂದಿದ್ದೇ ತಡ, ಜನ ಕಂಡಕಂಡವರ ರೀಡ್‌ಮಿಗಳಲ್ಲಿ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಗೀಚಿ ಹೋಗಿದ್ದರು. ಆ ತಿಂಗಳ ಮೂರನೇ ತಾರೀಕಿನ ಹೊತ್ತಿಗೆ ಸಂಘಟಕರೇ ಸುಸ್ತಾಗಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳಿಗೆ ಮಾತ್ರ ಲೆಕ್ಕ ಅಂತ ನಿಯಮ ಬದಲಿಸಬೇಕಾಯ್ತು.

ರಾಯರನ್ನು ಗದರೋಣ ಅಂದರೆ ಯಾವ ಹಕ್ಕಿನಿಂದ? ಸಂಬಳ ನಾನು ಕೊಡಲ್ಲ. ನನಗೂ ಯಾರೂ ಕೊಡಲ್ಲ.

ಶಿವಮೊಗ್ಗ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಕೋಡ್ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅಂದರೇನು ಅಂತ ಅವರಿಗೆ ಗೊತ್ತಿಲ್ಲ. ಕೀಬೋರ್ಡ್ ಎಲ್ಲೆಲ್ಲಿ ತಪ್ಪು ಒತ್ತಕ್ಷರ ಕೊಡುತ್ತೋ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು, ಫೋಟೋ ಹೊಡೆದು ವಾಟ್ಸಾಪ್ ಮಾಡೋರು. ನಮ್ಮ ಅರ್ಧ ತಿದ್ದುಪಡಿ ಆ ಹಾಳೆಗಳಿಂದಲೇ ಆಗಿದ್ದು. ಪಟ್ಟಿಗೆ ನಿಮ್ಮ ಹೆಸರು ಹಾಕ್ತೀನಿ ಮೇಷ್ಟ್ರೇ ಅಂದರೆ, "ಅಯ್ಯೋ, ನಂದೇನಿದೆ ಅದ್ರಲ್ಲಿ" ಅಂದುಬಿಟ್ಟರು. ಈಚೆಗೆ ಕಣ್ಣಿನ ಆಪರೇಷನ್ ಆಗಿದೆಯಂತೆ, ಹಾಳೆ ಬರೋದು ನಿಂತಿದೆ.

ಟವೆಲ್ ರಾಯರು ಮಾತ್ರ ಆರೋಗ್ಯವಾಗಿದ್ದಾರೆ. ನಿನ್ನೆ ಲಿಂಕ್ಡ್‌ಇನ್‌ನಲ್ಲಿ ನಮ್ಮದೇ ಕೀಬೋರ್ಡಿನಿಂದ ಕನ್ನಡದಲ್ಲಿ ಸಂತೋಷ ಹಂಚಿಕೊಂಡಿದ್ದಾರೆ, ನನ್ನನ್ನೂ ಟ್ಯಾಗ್ ಮಾಡಿ: "ಕಾಲೇಜಿಗೆ ಮೊದಲ ರ್ಯಾಂಕ್ ಬಂದಿದೆ!"